ಮಾಸ್ತರರ ಮೊಮ್ಮಗಳು ಬೋರಲು ಬಿದ್ದದ್ದು

ಕುಸ್ತಿ ಮಾಸ್ತರರನ್ನು ಆಡುವ ಕಾಲದಲ್ಲಿ ಚಿತ್ ಮಾಡಿದವರು ಯಾರೂ ಇಲ್ಲ ಎಂದು ಅವರೇ ಹೇಳುತ್ತಿದ್ದರು. ಇಬ್ಬರೋ ಮೂವರೋ ಮಾಡಿದ್ದಾರೆ ಎಂದು ಅವರ ಹೆಂಡತಿ ಹೇಳುತ್ತಿದ್ದರು. ಅದೇನೇ ಇರಲಿ, ಆಟ ಬಿಟ್ಟು ಕಲಿಸಲು ನಿಂತ ಮೇಲೂ ಬೆನ್ನನ್ನು ನೆಲಕ್ಕೆ ತಾಗಿಸಬಾರದೆಂಬ ಹಟ ಮಾಸ್ತರರ ಮೈಬಿಟ್ಟು ಹೋಗಲಿಲ್ಲ. ಹಾಸಿಗೆಯಲ್ಲಿ ಬೋರಲು ಮಲಗುತ್ತಿದ್ದರು, ತಪ್ಪಿದರೆ ಮಗ್ಗುಲಾಗಿ. ಒಮ್ಮೆ ಎದೆಯ ಪರೀಕ್ಷೆಗೆಂದು ಆಸ್ಪತ್ರೆಗೆ ಹೋದಾಗ, ಅಂಗಾತ ಮಲಗಿ ಎಂದ ನರ್ಸಿನ ಜೊತೆ ‘ಕೂತೇ ಮಾಡೋಕಾಗಲ್ವಾ’ ಎಂದು ಎಷ್ಟು ಹೊತ್ತು ವಾದ ಹೂಡಿದರೆಂದರೆ, ಕೊನೆಗೆ ಅವರು ಮಲಗಿದಾಗ ಎದೆಬಡಿತ ಇರಬೇಕಾದ್ದಕ್ಕಿಂತ ಜಾಸ್ತಿಯೇ ಬಂತು.

ಅವರ ಕುಸ್ತಿ ಶಾಲೆ ಒಂದು ಟೈರ್ ಅಂಗಡಿಯ ಮಹಡಿಯ ಮೇಲಿತ್ತು. ಬೆವರು, ಫಿನಾಯಿಲು, ಕೆಳಗಿನಿಂದ ಬರುವ ರಬ್ಬರು, ಈ ಮೂರೂ ಸೇರಿದ ವಾಸನೆಯನ್ನು ಮಾಸ್ತರರು ಸಂಜೆ ಮನೆಗೆ ಹೊತ್ತು ತರುತ್ತಿದ್ದರು. ತರಬೇತಿ ಬೆಳಗಿನ ಜಾವ ಒಂದು ಸಲ, ಸಂಜೆ ಇನ್ನೊಂದು ಸಲ. ನಡುವೆ ಇಡೀ ಮಧ್ಯಾಹ್ನ ಖಾಲಿ. ಮನೆಯಲ್ಲಿ ಮಧ್ಯಾಹ್ನ ಖಾಲಿ ಇದ್ದದ್ದು ಅವರೊಬ್ಬರೇ. ಹೆಂಡತಿ ಸಿಟಿ ಬಸ್ಸಿನ ಡ್ರೈವರು; ನಿವೃತ್ತಿ ಹತ್ತಿರ ಬಂದಿದ್ದರೂ ಸ್ಟೀರಿಂಗು ಬಿಡುವ ಮನಸ್ಸಿರಲಿಲ್ಲ. ಅದೇ ಮನೆಯ ಮೇಲಿನ ಮಹಡಿಯಲ್ಲಿದ್ದ ಮಗಳಿಗೆ ರೈಲು ನಿಲ್ದಾಣದಲ್ಲಿ ಪ್ರಕಟಣೆ ಹೇಳುವ ಕೆಲಸ. ಅಳಿಯ ಜಮೀನು ಅಳೆಯುವ ಸರ್ವೇಯರು, ತೆಳ್ಳಗಿನ ಮನುಷ್ಯ. ಬೆಳಿಗ್ಗೆ ಹೋದರೆ ಸಂಜೆಗೇ ವಾಪಸು. ಹಾಗಾಗಿ ಹೆರಿಗೆ ರಜೆ ಮುಗಿಯುವ ದಿನ ಹತ್ತಿರ ಬಂದಾಗ, ಮಧ್ಯಾಹ್ನದ ಹೊತ್ತು ಮಗುವನ್ನು ಯಾರು ನೋಡಿಕೊಳ್ಳುವುದು ಎಂಬ ಮಾತು ಎದ್ದ ಕೂಡಲೇ ಮೂವರೂ ಮಾಸ್ತರರ ಕಡೆ ನೋಡಿದರು. ಮಾಸ್ತರರು ಹಿಂದೆ ತಿರುಗಿ ನೋಡಿದರು. ಅಲ್ಲಿ ಗೋಡೆ ಮಾತ್ರ ಇತ್ತು.

ಮಗು ದುಂಡಗಿತ್ತು. ಅದಕ್ಕೇ ಎಲ್ಲರೂ ಗುಂಡು ಎಂದು ಕರೆಯುತ್ತಿದ್ದರು.

ಗುಂಡು ಮೊದಲ ಸಲ ಬೋರಲು ಬಿದ್ದದ್ದು ಒಂದು ಭಾನುವಾರ ಬೆಳಿಗ್ಗೆ, ಎಲ್ಲರ ಎದುರಿಗೆ. ನೆಲದ ಮೇಲೆ ಹಾಸಿದ ದುಪ್ಪಟಿಯ ಮೇಲೆ ಅವಳು ಅಂಗಾತ ಮಲಗಿ ಕಾಲು ಬಡಿಯುತ್ತಿದ್ದಳು. ಸುತ್ತ ದೊಡ್ಡವರು ಟೀ ಕುಡಿಯುತ್ತ ಕೂತಿದ್ದರು. ಅವಳು ಬಲಗಾಲು ಎತ್ತಿ ಎಡಕ್ಕೆ ಎಸೆದಳು. ಸೊಂಟ ಹಿಂಬಾಲಿಸಿತು. ಹೆಗಲು ಹೋಗಲೋ ಬೇಡವೋ ಎಂದು ಸ್ವಲ್ಪ ಯೋಚನೆ ಮಾಡಿ ಅದೂ ಹೋಯಿತು. ಅಡಿಗೆ ಸಿಕ್ಕಿಕೊಂಡ ಕೈಯನ್ನು ಎಳೆದುಕೊಂಡು, ತಲೆ ಎತ್ತಿ, ಇಷ್ಟು ದಿನ ಸೂರು ನೋಡಿದ್ದು ಸಾಕು ಎಂಬಂತೆ ಒಬ್ಬೊಬ್ಬರ ಮುಖವನ್ನೂ ನೋಡಿದಳು.

ಮಾಸ್ತರರು ದಡಕ್ಕನೆ ಎದ್ದು ನಿಂತರು. ಟೀ ಪಂಚೆಯ ಮೇಲೆ ಚೆಲ್ಲಿದ್ದು ಅವರಿಗೆ ಗೊತ್ತಾಗಲಿಲ್ಲ.

“ಯಾರೂ ಹೇಳಿಕೊಟ್ಟಿಲ್ಲ ಕಣೇ,” ಎಂದರು ಹೆಂಡತಿಗೆ. “ರಕ್ತದಲ್ಲೇ ಇದೆ.”

“ಎಲ್ಲ ಮಕ್ಕಳೂ ಬೋರಲು ಬೀಳ್ತಾವೆ ಕಣ್ರೀ.”

“ಸೊಂಟ ನೋಡಿದ್ಯಾ? ಮೊದಲು ಸೊಂಟ, ಆಮೇಲೆ ಹೆಗಲು. ಇದನ್ನ ಹೇಳಿ ಹೇಳಿ ನನ್ನ ಬಾಯಿ ಒಣಗಿಹೋಯ್ತು, ಅಲ್ಲಿ ಒಬ್ಬನಿಗೂ ತಲೆಗೆ ಹೋಗಿಲ್ಲ. ಇವಳಿಗೆ ಇನ್ನೂ ಹಲ್ಲೇ ಬಂದಿಲ್ಲ.”

ಸಂಜೆ ಶಾಲೆಯಲ್ಲಿ ತರಬೇತಿ ನಿಲ್ಲಿಸಿ ಈ ಸುದ್ದಿ ಹೇಳಿದರು. ಹೇಳಿದ್ದಷ್ಟೇ ಅಲ್ಲ, ಮ್ಯಾಟಿನ ಮೇಲೆ ತಾವೇ ಮಾಡಿ ತೋರಿಸಲು ಹೊರಟರು. ಅದಕ್ಕೆ ಮೊದಲು ಅಂಗಾತ ಮಲಗಬೇಕು ಎಂದು ಹೊಳೆದು ಅಲ್ಲಿಗೇ ನಿಲ್ಲಿಸಿದರು. ಮಾರನೆಯ ದಿನ ಪೈಲ್ವಾನರೆಲ್ಲ ಮಗುವನ್ನು ನೋಡಲು ಬಂದರು, ಬರಿಗೈಲಿ ಬರಲಿಲ್ಲ. ಒಬ್ಬ ಹೃದಯದ ಆಕಾರದ ದಿಂಬು ತಂದ. ಇನ್ನೊಬ್ಬಳು ಹಾಸಿಗೆಯಷ್ಟು ದಪ್ಪದ ರಜಾಯಿ ತಂದಳು. ಎಲ್ಲರಿಗಿಂತ ಭಾರಿ ಆಳು, ಲಾರಿ ಎಂದು ಹೆಸರಾದವನು, ತನ್ನ ಸೊಂಟದವರೆಗೆ ಬರುವ ಬಟ್ಟೆಯ ಕರಡಿಯನ್ನು ಹೊತ್ತು ತಂದು ಮಗುವಿನ ಮಂಚದಲ್ಲಿ ಕೂರಿಸಿದ. ಆಮೇಲೆ ಆ ಮಂಚದಲ್ಲಿ ಮಗುವಿಗೆ ಜಾಗ ಹುಡುಕಬೇಕಾಯಿತು. ಮಾಸ್ತರರೂ ಸುಮ್ಮನಿರಲಿಲ್ಲ. ಶಾಲೆಯ ಹಳೇ ಮ್ಯಾಟಿನ ತುಂಡುಗಳನ್ನು ಕತ್ತರಿಸಿ ತಂದು, ತಲೆ ತಾಗದಿರಲಿ ಎಂದು ಮಂಚದ ಕಂಬಿಗಳಿಗೆಲ್ಲ ಒಳಗಿನಿಂದ ಕಟ್ಟಿದರು.

ಅವತ್ತು ಸಂಜೆಯೇ ಮಗಳು ಆ ಮಂಚವನ್ನು ಖಾಲಿ ಮಾಡಿದಳು.

ಅವಳಿಗೆ ಒಂದು ಗುಣವಿತ್ತು. ಮುಖ್ಯವಾದ ಮಾತು ಬಂದರೆ ದನಿ ತಾನಾಗಿಯೇ ನಿಲ್ದಾಣದ ದನಿಯಾಗುತ್ತಿತ್ತು: ಸ್ಪಷ್ಟ, ನಿಧಾನ, ಯಾರ ಮೇಲೂ ಸಿಟ್ಟಿಲ್ಲ, ಯಾರಿಗೂ ವಿನಾಯಿತಿಯೂ ಇಲ್ಲ.

“ದಿಂಬು ಬೇಡ. ರಜಾಯಿ ಬೇಡ. ಕರಡಿ ಬೇಡ,” ಎನ್ನುತ್ತ ಒಂದೊಂದನ್ನೇ ಎತ್ತಿ ಹೊರಗಿಟ್ಟಳು. ಕರಡಿಯನ್ನು ಎತ್ತಲು ಗಂಡನನ್ನು ಕರೆಯಬೇಕಾಯಿತು. “ಡಾಕ್ಟರಮ್ಮ ಹೇಳಿದ್ದಾರೆ. ಮಗು ಮಗುಚೋಕೆ ಶುರು ಮಾಡಿದೆ ಅಂದ್ರೆ, ಮುಖ ಯಾವಾಗ ಎಲ್ಲಿಗೆ ಹೋಗುತ್ತೆ ಅಂತ ಗೊತ್ತಾಗಲ್ಲ. ಮೆತ್ತಗಿರೋದು ಮೂಗಿಗೆ ಅಡ್ಡ ಬರುತ್ತೆ.”

“ಈ ಮ್ಯಾಟಿನ ತುಂಡು ಇರಲಿ ಬಿಡು. ತಲೆ ಕಂಬಿಗೆ ಹೊಡ್ಕೊಂಡ್ರೆ?”

“ಹೊಡ್ಕೊಂಡ್ರೆ ಅಳ್ತಾಳೆ, ಎತ್ಕೋತೀವಿ. ಮೂಗು ಸಿಕ್ಕಿಕೊಂಡ್ರೆ ಅಳೋಕೂ ಆಗಲ್ಲಪ್ಪ.”

ಮಾಸ್ತರರು ಗಂಟುಗಳನ್ನು ಬಿಚ್ಚಿದರು. ಉಸಿರು ಕಟ್ಟುವುದು ಹೇಗಿರುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎದುರಾಳಿಯ ಕಂಕುಳಲ್ಲಿ ಮುಖ ಸಿಕ್ಕಿಕೊಂಡು ಅವರು ಕಳೆದ ಗಳಿಗೆಗಳು ಕಡಿಮೆಯೇನಲ್ಲ.

ಆಮೇಲೆ ಬಟ್ಟೆ ಸುತ್ತುವ ವಿಷಯ ಬಂತು. ಆ ಮನೆಯಲ್ಲಿ ಮಗುವಿಗೆ ಬಟ್ಟೆ ಸುತ್ತುವುದರಲ್ಲಿ ಮಾಸ್ತರರನ್ನು ಮೀರಿಸಿದವರಿರಲಿಲ್ಲ. ಅವರು ಸುತ್ತಿದರೆ ಕಣ್ಣು, ಮೂಗು, ಬಾಯಿ ಬಿಟ್ಟು ಬೇರೇನೂ ಅಲುಗಾಡುತ್ತಿರಲಿಲ್ಲ. ಇನ್ನು ಅದೂ ಬಂದ್ ಎಂದಳು ಮಗಳು.

“ಅದ್ಯಾಕೆ? ಸುತ್ತಿದ್ರೆ ತಾನೇ ಬೆಚ್ಚಿಬೀಳದೆ ಮಲಗೋದು?”

“ಕೈ ಕಟ್ಟಿ ಕುಸ್ತಿಗೆ ಬಿಟ್ಟ ಹಾಗಾಗುತ್ತೆ. ಮಗುಚಿಕೊಂಡಾಗ ಕೈ ಒಳಗಿದ್ರೆ ತಲೆ ಎತ್ತೋದು ಯಾವುದರ ಮೇಲೆ ಊರಿ?”

ಇದು ಅವರ ಭಾಷೆಯಲ್ಲೇ ಬಂದ ಮಾತು. ಆ ಮಂಚದಲ್ಲಿ ಅವರಿಗೆ ಮನಸಾರೆ ಮೆಚ್ಚಿಗೆಯಾದದ್ದು ಹಾಸಿಗೆ ಒಂದೇ. ಗಟ್ಟಿಯಾಗಿ, ಸಮನಾಗಿ, ಬಿಗಿಯಾದ ಹೊದಿಕೆಯೊಂದಿಗೆ ಒಳ್ಳೇ ಮ್ಯಾಟಿನ ಹಾಗೇ ಇತ್ತು. ಅಂಗೈಯಿಂದ ಒತ್ತಿ ನೋಡಿ, “ಇದು ಸರಿ,” ಎಂದರು. ಅಳಿಯ ತನ್ನ ಉಕ್ಕಿನ ಟೇಪನ್ನು ತಂದು ಹಾಸಿಗೆಗೂ ಮಂಚದ ಅಂಚಿಗೂ ನಡುವೆ ಸಂದು ಎಷ್ಟಿದೆ ಎಂದು ನಾಲ್ಕು ಕಡೆಯೂ ಅಳೆದ. “ಬೆರಳೂ ಹೋಗಲ್ಲ ಮಾವ,” ಎಂದ. ಅಳಿಯನ ಕೆಲಸ ಇಷ್ಟೊಂದು ಉಪಯೋಗಕ್ಕೆ ಬರುತ್ತದೆಂದು ಮಾಸ್ತರರಿಗೆ ಅವತ್ತೇ ಗೊತ್ತಾದದ್ದು.

ಕೊನೆಯ ಮಾತನ್ನು ಮಗಳು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದಳು.

“ಮಲಗಿಸುವಾಗ ಯಾವಾಗಲೂ ಅಂಗಾತ.”

ಮಾಸ್ತರರು ಮೊಮ್ಮಗಳನ್ನು ನೋಡಿದರು. “ಇಷ್ಟು ಕಷ್ಟಪಟ್ಟು ಬೋರಲು ಬಿದ್ದಿದ್ದಾಳೆ. ಮತ್ತೆ ನಾವೇ ಹಿಡಿದು ಅಂಗಾತ ಹಾಕೋದಾ? ಅದೂ ನನ್ನ ಕೈಯಲ್ಲಿ?”

“ಎಚ್ಚರ ಇದ್ದಾಗ ನೆಲದ ಮೇಲೆ ಎಷ್ಟು ಬೇಕಾದ್ರೂ ಬೋರಲು ಆಡ್ಲಿ, ಒಳ್ಳೇದೇ. ನಿದ್ದೆ ಕುಸ್ತಿ ಅಲ್ಲಪ್ಪ.”

“ನಾನು ಹುಟ್ಟಿದಾಗಿಂದ ಬೋರಲು ಮಲಗ್ತಿದ್ದೀನಿ. ನನಗೇನಾಗಿದೆ?”

ಹೆಂಡತಿ ಏನೋ ಹೇಳಲು ಬಾಯಿ ತೆರೆದು, ಅಳಿಯ ಇದ್ದಾನೆಂದು ಸುಮ್ಮನಾದರು.

“ಅಪ್ಪ,” ಎಂದಳು ಮಗಳು. ದನಿ ಈಗ ನಿಲ್ದಾಣದ್ದಾಗಿರಲಿಲ್ಲ. “ನಾನು ಅಲ್ಲಿ ಮೈಕಿನ ಮುಂದೆ ಕೂತಿರ್ತೀನಿ. ಇವಳು ಹೇಗೆ ಮಲಗಿದ್ದಾಳೋ ಅಂತ ಯೋಚನೆ ಬಂದ್ರೆ ನನ್ನ ಕೈಲಿ ಕೆಲಸ ಆಗಲ್ಲ. ನೀನು ಮಾತು ಕೊಡು.”

ಮಾಸ್ತರರು ಮಾತು ಕೊಟ್ಟರು. ಕೊಟ್ಟ ಮೇಲೆ ಅವರು ಎಂಥವರೆಂದು ಕುಸ್ತಿ ಬಲ್ಲವರಿಗೆಲ್ಲ ಗೊತ್ತು. ಒಂದು ಸಲ ಪಟ್ಟು ಹಾಕಿದರೆ ತೀರ್ಪುಗಾರ ಸೀಟಿ ಊದಿದರೂ ಬಿಡುವವರಲ್ಲ.

ಮಗಳ ರಜೆ ಮುಗಿಯುವ ಹೊತ್ತಿಗೆ ಗುಂಡು ಇನ್ನೊಂದು ವಿದ್ಯೆ ಕಲಿತಿದ್ದಳು. ಬೋರಲಿನಿಂದ ಅಂಗಾತಕ್ಕೂ ತಾನೇ ತಿರುಗುತ್ತಿದ್ದಳು. ಆದರೆ ಆ ಕಸರತ್ತು ನಡೆಯುತ್ತಿದ್ದದ್ದು ಬೆಳಗಿನ ಜಾವ, ಮೇಲಿನ ಮಹಡಿಯಲ್ಲಿ. ಅಷ್ಟು ಹೊತ್ತಿಗೆ ಮಾಸ್ತರರು ಟೈರ್ ಅಂಗಡಿಯ ಮೆಟ್ಟಿಲು ಹತ್ತಿಯಾಗಿರುತ್ತಿತ್ತು.

ಕೆಲಸಕ್ಕೆ ಮರಳಿದ ದಿನ ಮಗಳು ಸಮವಸ್ತ್ರ ತೊಟ್ಟು, ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತ ಅಪ್ಪನಿಗೆ ಎಲ್ಲವನ್ನೂ ಮತ್ತೊಮ್ಮೆ ಹೇಳಿದಳು. “ಹಾಲು ಕುಡಿಸಿದ ಮೇಲೆ ಸ್ವಲ್ಪ ಹೊತ್ತು ಎತ್ಕೊಂಡಿರು. ಕಣ್ಣು ಉಜ್ಜಿದ್ಲು ಅಂದ್ರೆ ನಿದ್ದೆ ಬಂದಿದೆ ಅಂತ. ಅವಳ ಮಂಚದಲ್ಲೇ ಮಲಗಿಸು. ನಿನ್ನ ಎದೆ ಮೇಲೆ ಬೇಡ, ಸೋಫಾ ಮೇಲಂತೂ ಬೇಡವೇ ಬೇಡ. ಪ್ರತಿ ಸಲ ಮಲಗಿಸುವಾಗ ಅಂಗಾತವೇ ಮಲಗಿಸಬೇಕು.”

ಅಷ್ಟರಲ್ಲಿ ಅಡಿಗೆಮನೆಯಲ್ಲಿ ಚುಂಯ್ ಎಂದಿತು. ಟೀಗಿಟ್ಟ ಹಾಲು. ಮಾಸ್ತರರು ಓಡಿದರು.

“ಕೇಳ್ತಿದ್ದೀನಿ, ಹೇಳ್ತಿರು,” ಎಂದು ಒಳಗಿನಿಂದ ಕೂಗಿದರು.

ಮಗಳು ಉಳಿದದ್ದನ್ನು ಅಡಿಗೆಮನೆಯ ಬಾಗಿಲಿಗೆ ಹೇಳಿದಳು. “ಈಗ ಅವಳಿಗೆ ಎರಡೂ ಕಡೆ ತಿರುಗೋಕೆ ಬರುತ್ತೆ. ನೀನು ಅಂಗಾತ ಮಲಗಿಸಿದ ಮೇಲೆ ಅವಳಾಗೇ ಮಗುಚಿಕೊಂಡ್ರೆ ಹಾಗೇ ಬಿಟ್ಟುಬಿಡು. ತಿರುಗಿಸ್ತಾ ಕೂರಬೇಡ. ಗೊತ್ತಾಯ್ತಾ?”

ಮಾಸ್ತರರು ಪಾತ್ರೆ ಹಿಡಿಯುವ ಇಕ್ಕಳ ಹುಡುಕುತ್ತಿದ್ದರು. ಅದೂ ಅಲ್ಲದೆ ಅವರು ಮಗಳ ಆ ದನಿಯನ್ನು ಮನೆಯಲ್ಲೂ ನಿಲ್ದಾಣದಲ್ಲೂ ವರ್ಷಗಟ್ಟಲೆ ಕೇಳಿದವರು. ಮೊದಲರ್ಧ ಕೇಳಿದ ಕೂಡಲೇ ಕಿವಿ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. “ಗೊತ್ತಾಯ್ತು, ಗೊತ್ತಾಯ್ತು,” ಎಂದರು.

ಅವತ್ತು ಮಧ್ಯಾಹ್ನದಿಂದ ಕುಸ್ತಿ ಶುರುವಾಯಿತು.

ಗುಂಡು ಹಾಲು ಕುಡಿದು, ತೇಗಿ, ಕಣ್ಣು ಉಜ್ಜಿದಳು. ಮಾಸ್ತರರು ಹೂವು ಇಟ್ಟ ಹಾಗೆ ಅಂಗಾತ ಮಲಗಿಸಿದರು. ನಿದ್ದೆ ಬಂತು. ಮಾಸ್ತರರು ಬೆರಳ ತುದಿಯಲ್ಲಿ ನಡೆದು ಬಾಗಿಲವರೆಗೆ ಬಂದು ತಿರುಗಿ ನೋಡಿದರೆ, ಬಲಗಾಲು ಏಳುತ್ತಿತ್ತು. ಸೊಂಟ. ಹೆಗಲು. ಬೋರಲು. ಕೆನ್ನೆಯನ್ನು ಹಾಸಿಗೆಗೆ ಒತ್ತಿ ಅವಳು ನಿದ್ದೆಯಲ್ಲೇ ನಿಟ್ಟುಸಿರು ಬಿಟ್ಟಳು. ಮಾಸ್ತರರು ವಾಪಸು ಬಂದು, ಎರಡೂ ಅಂಗೈಗಳನ್ನು ಅಡಿಗೆ ಜಾರಿಸಿ, ಮೆಲ್ಲಗೆ ತಿರುಗಿಸಿದರು. ಗುಂಡು ಒಂದು ಕಣ್ಣು ತೆರೆದಳು. ಆ ಒಂದು ಕಣ್ಣಿನಲ್ಲಿ ಇದ್ದ ಬೇಸರವನ್ನು ಮಾಸ್ತರರು ಸೋತ ಪೈಲ್ವಾನರ ಎರಡು ಕಣ್ಣಿನಲ್ಲೂ ಕಂಡಿರಲಿಲ್ಲ. ಮರುಗಳಿಗೆ ಮತ್ತೆ ಬಲಗಾಲು.

ತಿರುಗಿಸಿದರು. ಮಗುಚಿದಳು. ತಿರುಗಿಸಿದರು. ಅತ್ತಳು. ಎತ್ತಿಕೊಂಡು ಕೋಣೆಯ ತುಂಬ ತಿರುಗಿ, ಸಮಾಧಾನ ಮಾಡಿ, ಮತ್ತೆ ಅಂಗಾತ. ಈ ಸಲ ಅವಳು ಎಡಗಾಲಿನಿಂದ ಶುರು ಮಾಡಿದಳು.

“ಅಬ್ಬಾ, ಎರಡೂ ಕಡೆ ಬರುತ್ತೆ ಇವಳಿಗೆ,” ಎಂದುಕೊಂಡರು ಮಾಸ್ತರರು. ಸುಸ್ತಿನ ನಡುವೆಯೂ ಹೆಮ್ಮೆ ಬಂತು.

ವಾರವಿಡೀ ಹೀಗೇ ನಡೆಯಿತು. ಸಂಜೆ ಮಗಳು ಬಂದು, “ಮಲಗಿದ್ಲಾ?” ಎಂದು ಕೇಳಿದರೆ, “ಮಲಗಿದ್ಲು,” ಎನ್ನುತ್ತಿದ್ದರು. ಅದು ಸುಳ್ಳಾಗಿರಲಿಲ್ಲ, ತುಂಡು ತುಂಡಾಗಿ ಮಲಗಿದ್ದಳು. “ಅಂಗಾತ ತಾನೇ ಮಲಗಿಸಿದ್ದು?” “ಮಾತು ಅಂದ್ರೆ ಮಾತು.” ಇಷ್ಟರಲ್ಲಿ ಮಾತುಕತೆ ಮುಗಿಯುತ್ತಿತ್ತು. ಗುಂಡು ಮಾತ್ರ ಸಂಜೆಯಾದರೆ ಸಾಕು, ಸಣ್ಣದಕ್ಕೂ ರಚ್ಚೆ ಹಿಡಿಯುತ್ತಿದ್ದಳು. ಹಲ್ಲು ಬರುವ ಹೊತ್ತಿರಬೇಕು ಎಂದರು ಅಜ್ಜಿ. ಶಾಲೆಯಲ್ಲಿ ಮಾಸ್ತರರು ಗೋಡೆಗೊರಗಿ ನಿಂತಲ್ಲೇ ತೂಕಡಿಸುತ್ತಿದ್ದರು. ಅವರಿಗೆ ವಯಸ್ಸಾಯಿತು ಎಂದು ಪೈಲ್ವಾನರು ತಮ್ಮತಮ್ಮಲ್ಲೇ ಗುಸುಗುಸು ಮಾತಾಡಿಕೊಂಡರು.

ಒಂದು ಮಧ್ಯಾಹ್ನ ಹೆದರಿಕೆಯ ಸಂಗತಿಯೊಂದು ನಡೆಯಿತು. ಗುಂಡುವನ್ನು ಎತ್ತಿಕೊಂಡು ತಟ್ಟುತ್ತ ತಟ್ಟುತ್ತ ಮಾಸ್ತರರಿಗೆ ಕಾಲು ಸೋತಿತು. ಒಂದೇ ಗಳಿಗೆ ಎಂದು ಸೋಫಾದ ಮೇಲೆ ಕೂತರು. ಕೂತದ್ದಷ್ಟೇ ಅವರಿಗೆ ನೆನಪು. ತಮ್ಮದೇ ಗೊರಕೆಗೆ ಅವರಿಗೆ ಎಚ್ಚರವಾದಾಗ ಮಗು ಎದೆಯಿಂದ ಜಾರಿ ಅವರ ತೋಳಿಗೂ ಸೋಫಾದ ಮೆತ್ತೆಗೂ ನಡುವಿನ ಸಂದಿಗೆ ಇಳಿಯುತ್ತಿತ್ತು. ಮುಖ ಇನ್ನೂ ಮೇಲಿತ್ತು. ಎತ್ತಿಕೊಂಡು ಎದ್ದು ನಿಂತರು. ಗುಂಡು ಏನೂ ಆಗದವಳಂತೆ ಕುಸ್ತಿಯಲ್ಲಿ ಮುದುಡಿದ ಅವರ ಕಿವಿಯನ್ನು ಹಿಡಿದು ಎಳೆದಳು. ಮಾಸ್ತರರು ಅವಳನ್ನು ಮಂಚದಲ್ಲಿ ಅಂಗಾತ ಮಲಗಿಸಿದರು.

ಇನ್ನು ಒಬ್ಬರ ಕೈಲಾಗದು ಎಂದು ಅವರಿಗೆ ಮನವರಿಕೆಯಾಯಿತು. ಲಾರಿಗೆ ಫೋನ್ ಮಾಡಿದರು. ಅವನು ಹತ್ತಿರದ ಗೋದಾಮಿನಲ್ಲಿ ಮೂಟೆ ಇಳಿಸುವವನು, ಮಧ್ಯಾಹ್ನ ಬಿಡುವಿರುತ್ತಿತ್ತು.

ಲಾರಿ ಬಂದು, ಚಪ್ಪಲಿ ಬಿಟ್ಟು, ಕೈ ತೊಳೆದು, ಮಂಚದ ಪಕ್ಕ ನಿಂತ. ಅಷ್ಟು ದೊಡ್ಡ ಆಳಿಗೆ ಆ ಮಗುವನ್ನು ಕಂಡರೆ ಭಯ. ಗುಂಡು ಅಂಗಾತ ಮಲಗಿ ನಿದ್ದೆ ಹೋಗಿದ್ದಳು. ಇಬ್ಬರೂ ಉಸಿರು ಬಿಗಿಹಿಡಿದು ನೋಡುತ್ತಿದ್ದಂತೆ ಬಲಗಾಲು ಎದ್ದಿತು.

“ಬಂತು,” ಎಂದು ಪಿಸುಗುಟ್ಟಿದರು ಮಾಸ್ತರರು. “ಈಗ ಸೊಂಟ ನೋಡು.”

“ಚೆನ್ನಾಗಿದೆ ಮಾಸ್ತರೇ.”

“ಚೆನ್ನಾಗಿದೆ ಅಂತ ನೋಡ್ತಾ ನಿಂತ್ಕೋಬೇಡ. ತಿರುಗಿಸು. ಇವತ್ತಿಂದ ಒಂದು ಸರದಿ ನಿಂದು, ಒಂದು ನಂದು.”

ಲಾರಿ ಕೈ ಚಾಚಿದ. ಅವನ ಒಂದು ಅಂಗೈ ಮಗುವಿನ ಇಡೀ ಬೆನ್ನಿಗಿಂತ ಅಗಲವಿತ್ತು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಮತ್ತೆ ಚಾಚಿದ. ಹಣೆಯ ಮೇಲೆ ಬೆವರು ಬಂತು.

“ಮಾಸ್ತರೇ, ಚೆನ್ನಾಗಿ ನಿದ್ದೆ ಮಾಡ್ತಿದ್ದಾಳಲ್ವಾ. ಯಾಕೆ ತಿರುಗಿಸಬೇಕು?”

“ನನ್ನ ಮಗಳು ಹೇಳಿದ್ದಾಳೆ.”

“ಪ್ರತಿ ಸಲಾನೂ ತಿರುಗಿಸು ಅಂತ ಹೇಳಿದ್ರಾ?”

ಮಾಸ್ತರರು ನೆನಪು ಮಾಡಿಕೊಂಡರು. ಪ್ರತಿ ಸಲ ಎಂಬ ಮಾತು ಇತ್ತು. ಅಂಗಾತ ಎಂಬ ಮಾತೂ ಇತ್ತು. ಅದರಾಚೆಗೆ ಚುಂಯ್ ಎಂಬ ಸದ್ದು ಮಾತ್ರ ನೆನಪಿಗೆ ಬಂತು.

“ಅಕ್ಕನ್ನ ಒಂದು ಮಾತು ಕೇಳಿಬಿಡಿ,” ಎಂದ ಲಾರಿ. “ನೀವು ಕೇಳೋವರೆಗೂ ನಾನು ಇಲ್ಲೇ ನಿಂತು ನೋಡ್ಕೋತಿರ್ತೀನಿ. ಕಣ್ಣು ಮಿಟುಕಿಸಲ್ಲ.”

ಅದೇ ಹೊತ್ತಿಗೆ ನಿಲ್ದಾಣದಲ್ಲಿ ಮಗಳು, ಎಕ್ಸ್‌ಪ್ರೆಸ್ ಗಾಡಿ ತಡವಾಗಿ ಬರುತ್ತಿದೆ, ಪ್ರಯಾಣಿಕರಿಗೆ ಆದ ಅನನುಕೂಲಕ್ಕೆ ವಿಷಾದಿಸುತ್ತೇವೆ ಎಂದು ಹೇಳಿ ಮುಗಿಸಿದ್ದಳು. ಮೈಕಿನ ಗುಂಡಿ ಒತ್ತಿ ಆರಿಸಬೇಕು, ಅಷ್ಟರಲ್ಲಿ ಮೇಜಿನ ಮೇಲೆ ಫೋನು ನಡುಗಿತು. ಅಪ್ಪ. ಈ ಹೊತ್ತಿನಲ್ಲಿ ಅಪ್ಪ ಎಂದೂ ಫೋನ್ ಮಾಡಿದವರಲ್ಲ. ಗುಂಡಿ ಮರೆತು ಫೋನ್ ಎತ್ತಿಕೊಂಡಳು.

“ಏನಾಯ್ತಪ್ಪ? ಗುಂಡು ಹುಷಾರಾಗಿದ್ದಾಳಾ?” ಎಂಬ ಮಾತು ನಿಲ್ದಾಣದ ಎಲ್ಲ ಪ್ಲಾಟ್‌ಫಾರ್ಮುಗಳಲ್ಲೂ, ಟಿಕೆಟ್ ಸಾಲಿನಲ್ಲೂ, ಹೊರಗೆ ಟ್ಯಾಕ್ಸಿಗಳು ನಿಲ್ಲುವಲ್ಲೂ ಕೇಳಿಸಿತು.

ಜನ ತಲೆ ಎತ್ತಿದರು.

“ಬೋರಲು ಬಿದ್ದಿದ್ದಾಳಾ? ಬಿದ್ರೆ ಬಿದ್ಲು. ಮುಖ ಒಂದು ಪಕ್ಕಕ್ಕಿದೆ ತಾನೇ? ಉಸಿರಾಟ ಸರಿಯಾಗಿದ್ಯಾ? ಹತ್ತಿರ ಹೋಗಿ ನೋಡು.”

ಒಂದು ಕ್ಷಣ ಏನೂ ಕೇಳಿಸಲಿಲ್ಲ. ಸೂಟ್‌ಕೇಸು ಎಳೆಯುತ್ತಿದ್ದವರು ನಿಂತರು. ಬೆಂಚಿನ ಮೇಲೆ ಬೋರಲು ಮಲಗಿದ್ದ ಒಬ್ಬ ಸೈನಿಕ ತನ್ನನ್ನೇ ಕೇಳುತ್ತಿದ್ದಾರೆಂದು ಎದ್ದು ಕೂತ.

“ಸರಿ. ಹಾಗಾದ್ರೆ ಮುಟ್ಟಬೇಡ. ಏನು? ಪ್ರತಿ ಸಲಾನೂ ತಿರುಗಿಸ್ತಿದ್ದೀಯಾ? ಎಷ್ಟು ದಿನದಿಂದ?”

ಮತ್ತೆ ಮೌನ. ಟಿಕೆಟ್ ಕಿಟಕಿಯ ಒಳಗಿದ್ದವನು ಚಿಲ್ಲರೆ ಕೊಡುವುದನ್ನು ಅರ್ಧಕ್ಕೆ ನಿಲ್ಲಿಸಿ ಸ್ಪೀಕರಿನತ್ತ ಕತ್ತು ಚಾಚಿದ.

“ಅಯ್ಯೋ ಅಪ್ಪ. ಅದಕ್ಕೇ ಅವಳು ಸಂಜೆಯೆಲ್ಲ ಕಿರಿಕಿರಿ ಮಾಡ್ತಿರೋದು. ಅಮ್ಮ ನೋಡಿದ್ರೆ ಹಲ್ಲು ಅಂತಾಳೆ. ಅವತ್ತು ನಾನು ಪೂರ್ತಿ ಹೇಳಿದ್ದೆ. ನೀನು ಎಲ್ಲಿದ್ದೆ? ಹಾಲು? ಈಗ ಹಾಲು ಉಕ್ಕಲಿ, ಪಾತ್ರೆ ಸೀದುಹೋಗಲಿ, ನಿಂತಲ್ಲಿಂದ ಅಲ್ಲಾಡಬೇಡ. ಕೇಳು.”

ಆಮೇಲೆ, ಇಷ್ಟು ವರ್ಷದ ಅಭ್ಯಾಸದಿಂದ, ದನಿ ತಾನಾಗಿ ಬದಲಾಯಿತು.

“ಮಲಗಿಸುವಾಗ ಯಾವಾಗಲೂ ಅಂಗಾತ ಮಲಗಿಸಬೇಕು. ಮಂಚದಲ್ಲಿ ದಿಂಬು, ರಜಾಯಿ, ಆಟದ ಸಾಮಾನು ಇರಬಾರದು. ಮಗುವಿಗೆ ಎರಡೂ ಕಡೆ ತಾನೇ ತಿರುಗೋಕೆ ಬರೋವರೆಗೂ, ಬೋರಲು ಬಿದ್ರೆ ಮೆಲ್ಲಗೆ ಅಂಗಾತ ಮಾಡಬೇಕು. ಎರಡೂ ಕಡೆ ಬಂದ ಮೇಲೆ ಅದು ಹೇಗೆ ಮಲಗಿಕೊಳ್ಳುತ್ತೋ ಹಾಗೇ ಬಿಡಬೇಕು. ಗುಂಡುವಿಗೆ ಎರಡೂ ಕಡೆ ಬರುತ್ತೆ. ಪೂರ್ತಿ ಕೇಳಿಸ್ತಾ?”

ಮೂರನೇ ಪ್ಲಾಟ್‌ಫಾರ್ಮಿನಲ್ಲಿ ಯಾರೋ “ಕೇಳಿಸ್ತು” ಎಂದರು.

ಅಷ್ಟರಲ್ಲಿ ಸ್ಟೇಷನ್ ಮಾಸ್ಟರು ಮೆಟ್ಟಿಲುಗಳನ್ನು ಎರಡೆರಡಾಗಿ ಹಾರುತ್ತ ಮೇಲೆ ಬಂದು, ಏದುಸಿರು ಬಿಡುತ್ತ, ಮೈಕಿನ ಮೇಲೆ ಉರಿಯುತ್ತಿದ್ದ ಕೆಂಪು ದೀಪವನ್ನು ಬೆರಳು ಮಾಡಿ ತೋರಿಸಿದರು.

ಇತ್ತ ಮಾಸ್ತರರು ಫೋನ್ ಕೆಳಗಿಟ್ಟು ಮಂಚದ ಹತ್ತಿರ ಬಂದರು. ಲಾರಿ ಮಾತಿಗೆ ತಕ್ಕಂತೆ ಕಣ್ಣು ಮಿಟುಕಿಸದೆ ನಿಂತಿದ್ದ. ಕಣ್ಣಲ್ಲಿ ನೀರು ಬಂದಿತ್ತು.

“ಏನಂದ್ರು?”

“ಬಿಟ್ಟುಬಿಡು ಅಂದ್ಲು. ಅವಳಿಗೆ ತಿರುಗಿ ಬರೋಕೂ ಗೊತ್ತಂತೆ.”

“ಗೊತ್ತಾ?”

“ನನಗೂ ಅದೇ ಅನುಮಾನ. ನೋಡೋಣ.”

ಇಬ್ಬರೂ ಎರಡು ಕುರ್ಚಿ ಎಳೆದುಕೊಂಡು ಕೂತರು. ಗುಂಡು ಬೋರಲಾಗಿ, ಕೆನ್ನೆಯೊತ್ತಿ, ಬಾಯಿ ಸ್ವಲ್ಪ ತೆರೆದು ಮಲಗಿದ್ದಳು. ಬೆನ್ನು ಒಂದೇ ಸಮನೆ ಏರಿ ಇಳಿಯುತ್ತಿತ್ತು. ಬೀದಿಯಲ್ಲಿ ಯಾವುದೋ ಗಾಡಿ ಹಾರನ್ ಹೊಡೆಯಿತು, ಅವಳು ಅಲುಗಾಡಲಿಲ್ಲ. ಕೂತೂ ಕೂತೂ ಮಾಸ್ತರರ ಕೈ ತುರಿಸಲು ಶುರುವಾಯಿತು. ಕೈಗಳನ್ನು ತೊಡೆಯಡಿ ಇಟ್ಟುಕೊಂಡರು.

ತುಂಬ ಹೊತ್ತಾದ ಮೇಲೆ ಗುಂಡು ಮೂಗು ಸುಕ್ಕುಗಟ್ಟಿಸಿದಳು. ಒಂದು ಮೊಣಕೈಯನ್ನು ಅಡಿಗೆ ಎಳೆದುಕೊಂಡಳು. ಮಂಡಿ ಒತ್ತಿದಳು. ಆಮೇಲೆ ಯಾರ ಸಹಾಯವೂ ಇಲ್ಲದೆ, ಕಣ್ಣೂ ಬಿಡದೆ, ದೊಪ್ಪೆಂದು ಅಂಗಾತ ಬಿದ್ದು, ಎರಡೂ ಕೈಗಳನ್ನು ತಲೆಯ ಆಚೀಚೆ ಚೆಲ್ಲಿ ಮಲಗಿದಳು.

ಲಾರಿ ಮಾಸ್ತರರ ಮುಖ ನೋಡಿದ. ಇಂಥದ್ದಕ್ಕೆ ಶಾಲೆಯಲ್ಲಿ ಆದರೆ ಬೈಗುಳ ಖಚಿತವಾಗಿತ್ತು.

“ಇದನ್ನ ಯಾರು ಹೇಳಿಕೊಟ್ರು ಇವಳಿಗೆ?” ಎಂದರು ಮಾಸ್ತರರು ಮೆಲ್ಲಗೆ. ಅವರಿಗೆ ಬೇಸರವಾಗಿರಲಿಲ್ಲ. ಆ ಚಿಕ್ಕ ಹೊಟ್ಟೆ ಮೇಲಕ್ಕೂ ಕೆಳಕ್ಕೂ ಹೋಗುವುದನ್ನು ನೋಡುತ್ತ ಕೂತರು. ಹಾಗೆ ಬೆನ್ನ ಮೇಲೆ ಮಲಗಿದವರ ಮುಖದಲ್ಲಿ ಅಷ್ಟು ನೆಮ್ಮದಿ ಇರಬಹುದೆಂದು ಅವರು ಯೋಚಿಸಿಯೇ ಇರಲಿಲ್ಲ. ಅವರು ಕಂಡಿದ್ದ ಅಂಗಾತವೆಲ್ಲ ಸೋತವರದ್ದು.

ಸಂಜೆ ಎಲ್ಲರಿಗಿಂತ ಮೊದಲು ಮನೆಗೆ ಬಂದದ್ದು ಹೆಂಡತಿ. ಚೀಲ ಇಡುವ ಮುಂಚೆಯೇ, “ವಾರವಿಡೀ ಆ ಕೂಸಿಗೆ ನಿದ್ದೆ ಮಾಡೋಕೆ ಬಿಟ್ಟಿಲ್ಲವಂತೆ ನೀವು,” ಎಂದರು.

“ನಿನಗ್ಯಾರು ಹೇಳಿದ್ರು?”

“ನಿಲ್ದಾಣದ ಸ್ಟಾಪಲ್ಲಿ ಹತ್ತಿದವರೆಲ್ಲ ಅದನ್ನೇ ಮಾತಾಡ್ತಿದ್ರು. ಯಾವುದೋ ಪೆದ್ದ ತಾತ ಅಂತೆ, ಮಲಗಿದ ಮಗುವನ್ನ ಎಬ್ಬಿಸಿ ಎಬ್ಬಿಸಿ ಮಲಗಿಸ್ತಾನಂತೆ. ಅದು ನಮ್ಮನೇದೇ ಅಂತ ನಾನು ಬಾಯಿಬಿಡಲಿಲ್ಲ.” ಅಲ್ಲಿಯವರೆಗೆ ತಡೆದಿಟ್ಟುಕೊಂಡಿದ್ದ ನಗು ಆಗ ಬಂತು. ಗೋಡೆ ಹಿಡಿದುಕೊಂಡು ಹೊಟ್ಟೆ ಹುಣ್ಣಾಗುವಂತೆ ನಕ್ಕರು. “ಹಲ್ಲು ಅಂತ ನಾನು ಅಂದಿದ್ದನ್ನೂ ಹೇಳಿದ್ದಾಳಂತೆ, ಅದೊಂದು ಬೇಡವಾಗಿತ್ತು.”

ಮಗಳು ಬಂದಾಗ ಮುಖ ಬಾಡಿತ್ತು. ಕೆಲಸದಲ್ಲಿ ಇಂಥ ತಪ್ಪು ಅವಳಿಂದ ಹಿಂದೆಂದೂ ಆಗಿರಲಿಲ್ಲ. ಸ್ಟೇಷನ್ ಮಾಸ್ಟರು ಕಟ್ಟುನಿಟ್ಟಿನ ಮನುಷ್ಯ. ಬಾಗಿಲು ಹಾಕಿ ಕೂರಿಸಿಕೊಂಡು, ಮೈಕಿನ ಬಗ್ಗೆ ಹೇಳಬೇಕಾದ್ದೆಲ್ಲವನ್ನೂ ಹೇಳಿದರಂತೆ. ಎಲ್ಲ ಹೇಳಿ ಮುಗಿಸಿ, ಕನ್ನಡಕ ತೆಗೆದು ಒರೆಸುತ್ತ, ತಮ್ಮ ಮಗನ ಮನೆಯಲ್ಲಿ ಎರಡು ತಿಂಗಳ ಕೂಸಿದೆ, ಅದರ ಮಂಚದಲ್ಲಿ ನಾಲ್ಕು ದಿಂಬು ಇಟ್ಟಿದ್ದಾರೆ, ಅಷ್ಟನ್ನೂ ತೆಗೀಬೇಕಾ, ಒಂದಾದರೂ ಇರಬಹುದಾ ಎಂದು ಕೇಳಿದರಂತೆ.

“ನೀನೇನಂದೆ?” ಎಂದ ಅವಳ ಗಂಡ.

“ನಾಲ್ಕನ್ನೂ ತೆಗೀರಿ ಸರ್ ಅಂದೆ. ಒಂದಕ್ಕೆ ತುಂಬಾ ಚೌಕಾಸಿ ಮಾಡಿದ್ರು.”

ಮಾಸ್ತರರು ಮೂಲೆಯಲ್ಲಿ ಕೂತಿದ್ದರು. ಮಗಳು ಅವರ ಪಕ್ಕ ಹೋಗಿ ಕೂತಳು. ಸೋಫಾದ ಮೇಲೆ ತಮಗೆ ನಿದ್ದೆ ಬಂದದ್ದನ್ನು ಅವರು ಆಗ ಹೇಳಿದರು. ಹೇಳದೇ ಇರಬಹುದಾಗಿತ್ತು, ಯಾರೂ ನೋಡಿರಲಿಲ್ಲ. ಕೆಂಪಾಗಲು ಹೊರಟಿದ್ದ ಮಗಳ ಮುಖ ಅಪ್ಪನ ಕಣ್ಣಡಿಯ ಕಪ್ಪನ್ನು ನೋಡಿ ಮೆತ್ತಗಾಯಿತು.

“ನಿದ್ದೆ ಬಂದ್ರೆ ಅವಳನ್ನ ಮಂಚದಲ್ಲಿ ಹಾಕಿಬಿಡಪ್ಪ. ಅತ್ರೆ ಅಳಲಿ. ಆಮೇಲೆ ನೀನು ಕೂತ್ಕೋ.”

“ಹೂಂ.”

“ನಾನೂ ಶೂ ಹಾಕ್ಕೋತಾ ಹೇಳಬಾರದಿತ್ತು.”

“ಅಡಿಗೆಮನೆಗೆ ಬಂದು ಹೇಳಬಹುದಿತ್ತು,” ಎಂದರು ಮಾಸ್ತರರು, ಗೆಲ್ಲಲು ಏನಾದರೂ ಸಿಗುತ್ತದೆಯೇ ಎಂದು. ಮಗಳು ನಕ್ಕಳು.

ಮಾರನೆಯ ಮಧ್ಯಾಹ್ನ ಗುಂಡುವನ್ನು ಅಂಗಾತ ಮಲಗಿಸಿ ಮಾಸ್ತರರು ಹೊರಗೆ ಬಂದರು. ಬಲಗಾಲು ಎದ್ದಿತೋ ಇಲ್ಲವೋ ನೋಡಲಿಲ್ಲ. ನೋಡದಿರಲು ಬಹಳ ಕಷ್ಟಪಟ್ಟರು. ಆಗೊಮ್ಮೆ ಈಗೊಮ್ಮೆ ಬಾಗಿಲಿಂದ ಇಣುಕಿ ಉಸಿರು ನೋಡಿ ಬಂದರು. ಬಾಟಲಿ ತೊಳೆದರು. ಒಣಗಿದ ಬಟ್ಟೆ ಮಡಿಸಿದರು. ಫ್ಯಾನಿನ ರೆಕ್ಕೆಗಳ ಧೂಳು ಒರೆಸಿದರು. ಮನೆಯಲ್ಲಿ ಇಷ್ಟು ನಿಶ್ಶಬ್ದ ಇರುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ಗುಂಡು ಮಲಗಿಯೇ ಇದ್ದಳು. ಇವರು ಟೀ ಮಾಡಿ ಕುಡಿದರು. ಹಾಲು ಉಕ್ಕುವವರೆಗೆ ಒಲೆಯ ಮುಂದೆ ನಿಂತೇ ಇದ್ದರು. ಆದರೂ ಅವಳು ಏಳಲಿಲ್ಲ. ತಮ್ಮ ಅಗತ್ಯವೇ ಇಲ್ಲದೆ ಅವಳು ಇಷ್ಟು ಚೆನ್ನಾಗಿ ನಿದ್ದೆ ಮಾಡುವುದನ್ನು ಕಂಡು ಅವರಿಗೆ ಒಳಗೊಳಗೇ ಚೂರು ಬೇಜಾರೂ ಆಯಿತು.

ಕೊನೆಗೆ ಕೋಣೆಯಿಂದ ಸಣ್ಣ ಗೊಣಗು ಕೇಳಿಸಿತು. ಹೋಗಿ ನೋಡಿದರೆ ಗುಂಡು ಬೋರಲಾಗಿ, ಎರಡೂ ಕೈ ಊರಿ, ತಲೆ ಎತ್ತಿ, ಕಂಬಿಗಳ ನಡುವಿನಿಂದ ಬಾಗಿಲನ್ನೇ ನೋಡುತ್ತಿದ್ದಳು. ನಿದ್ದೆ ತುಂಬಿದ ಕೆನ್ನೆಯ ಮೇಲೆ ಹೊದಿಕೆಯ ಗೆರೆ ಮೂಡಿತ್ತು. ತಾತನನ್ನು ಕಂಡು ಬೊಚ್ಚುಬಾಯಿ ಅಗಲಿಸಿದಳು.

ಮಾಸ್ತರರು ಅವಳನ್ನು ಎತ್ತಿ ನೆಲದ ಮೇಲಿನ ದುಪ್ಪಟಿಯಲ್ಲಿ ಬೋರಲು ಬಿಟ್ಟರು. ತಾವೂ ಮಂಡಿಯೂರಿ, ನಿಟ್ಟುಸಿರಿಟ್ಟು, ಎದುರಿಗೆ ಹೊಟ್ಟೆಯ ಮೇಲೆ ಮಲಗಿ, ಗಲ್ಲವನ್ನು ಮುಷ್ಟಿಗಳ ಮೇಲಿಟ್ಟರು. ಮೂಗಿಗೆ ಮೂಗು ಎದುರಾಯಿತು. ಇಬ್ಬರೂ ಒಬ್ಬರನ್ನೊಬ್ಬರು ಅಳೆದು ನೋಡಿದರು.

“ನಿದ್ದೆ ಆಯ್ತಾ?” ಎಂದರು ಮಾಸ್ತರರು. “ಬಾ ಹಾಗಾದ್ರೆ.”

ಗುಂಡು ಕೈ ಚಾಚಿ ಅವರ ಮೂಗನ್ನು ಹಿಡಿದುಕೊಂಡಳು, ಬಿಡಲಿಲ್ಲ.